ಅಜ್ಜನ ಪ್ಲೇಟುಗಳಿಗೆ ಯಾವ ಮುಳ್ಳು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಜ್ಜ ಬಿಟ್ಟುಹೋದ ಸುಮಾರು 90 ಗ್ರಾಮಫೋನ್ ಪ್ಲೇಟುಗಳು ಅಟ್ಟದ ಮೇಲೆ ಸಿಕ್ಕಿವೆ. ದೊಡ್ಡವು, ಚಿಕ್ಕವು, ಕೆಲವು ತುಂಬ ಭಾರದವು. ಒಂದಷ್ಟಕ್ಕೆ ಬೂಷ್ಟು ಹಿಡಿದಿದೆ. ಅಜ್ಜನ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಯಿತು. ನಾನೀಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಸೂಟ್‌ಕೇಸ್ ಥರದ ಪ್ಲೇಯರ್ ಒಂದನ್ನು ಆನ್‌ಲೈನ್‌ನಲ್ಲಿ ನೋಡಿದೆ, ಅದರಲ್ಲಿ ಮೂರೂ ಸ್ಪೀಡ್ ಇದೆಯಂತೆ. ಅಮೆರಿಕದಲ್ಲಿರುವ ಭಾವ ಅಲ್ಲಿಂದ ಒಂದು ಹಳೇ ಟರ್ನ್‌ಟೇಬಲ್ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ಯಾವುದು ಒಳ್ಳೆಯದು? ಮನೆಯಲ್ಲಿ ಅದನ್ನು ಹೇಗೆ ಕೂರಿಸಬೇಕು?

ಉತ್ತರ: ಮೊದಲು ಒಂದು ಮಾತು. ಯಾವ ಪ್ಲೇಯರೂ ಮನೆಗೆ ಬರುವ ಮುಂಚೆ ಆ ಪ್ಲೇಟುಗಳನ್ನು ಎಲ್ಲಿಯೂ ಹಾಕಿ ನೋಡಬೇಡಿ. ಗೆಳೆಯರ ಮನೆಯಲ್ಲಿ ಪ್ಲೇಯರ್ ಇದೆ, ಸುಮ್ನೆ ಒಂದು ಸಲ ಕೇಳೋಣ ಅನ್ನಿಸುತ್ತದೆ. ಬೇಡ. ಬೂಷ್ಟು, ಧೂಳು ಇರುವ ಪ್ಲೇಟಿನ ಮೇಲೆ ಮುಳ್ಳು ಓಡಿದರೆ ಆ ಧೂಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. 50 ವರ್ಷ ಉಳಿದುಕೊಂಡು ಬಂದದ್ದು ಇಪ್ಪತ್ತು ನಿಮಿಷದಲ್ಲಿ ಹಾಳಾಗುವುದು ಬೇಡ ಅಲ್ವಾ?

ಈಗ ನೆಲದ ಮೇಲೆ ಒಂದು ಹಳೇ ಸೀರೆ ಹಾಸಿ, ಪ್ಲೇಟುಗಳನ್ನು ಮೂರು ಗುಂಪು ಮಾಡಿ. 12 ಇಂಚಿನ, ಬಗ್ಗಿಸಿದರೆ ಸ್ವಲ್ಪ ಬಾಗುವ ಪ್ಲೇಟುಗಳು ಎಲ್‌ಪಿ. ಇವು ನಿಮಿಷಕ್ಕೆ 33⅓ ಸುತ್ತು ತಿರುಗುತ್ತವೆ, ಒಂದು ಮಗ್ಗುಲಿಗೆ 20 ನಿಮಿಷದಷ್ಟು ಹಾಡುತ್ತವೆ. 7 ಇಂಚಿನ ಚಿಕ್ಕವು ಹೆಚ್ಚಾಗಿ 45 ಸುತ್ತಿನವು, ಇವಕ್ಕೆ ಇಪಿ ಅನ್ನುತ್ತಾರೆ. ನಮ್ಮ ಸಿನಿಮಾ ಹಾಡುಗಳು ಮನೆಮನೆಗೆ ಬಂದದ್ದು ಇವುಗಳಲ್ಲೇ. ಮೂರನೆಯ ಗುಂಪು, ನೀವು ಭಾರ ಅಂದಿರಲ್ಲ, ಅವು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಹೆಂಚಿನ ಥರ ಸದ್ದು ಬರುತ್ತದೆ, ಬಗ್ಗುವುದಿಲ್ಲ, ಕೈಜಾರಿದರೆ ಎರಡು ಹೋಳು. ಇವು 78 ಸುತ್ತಿನವು. ಬೇರೆ ದೇಶಗಳು ಇವುಗಳನ್ನು ಕೈಬಿಟ್ಟ ಮೇಲೂ ನಮ್ಮಲ್ಲಿ 1960ರ ದಶಕದಲ್ಲಿ ಇವು ಹೊಸದಾಗಿ ಬರುತ್ತಿದ್ದವು. ಹಾಗಾಗಿ 78 ಅಂದ ಕೂಡಲೇ ನೂರು ವರ್ಷ ಹಳೆಯದು ಅಂದುಕೊಳ್ಳಬೇಕಿಲ್ಲ, ನಿಮ್ಮ ಅಮ್ಮ ಚಿಕ್ಕವರಿದ್ದಾಗ ಅಂಗಡಿಯಿಂದ ಹೊಸದಾಗಿ ತಂದದ್ದೂ ಇರಬಹುದು.

ಈ ಮೂರನೆಯ ಗುಂಪನ್ನು ಬೇರೆ ಇಡಲು ಎರಡು ಕಾರಣ ಇದೆ.

ಒಂದು, ಅದನ್ನು ಮಾಡಿರುವ ವಸ್ತು. ಎಲ್‌ಪಿ, ಇಪಿ ಎಲ್ಲ ಪ್ಲಾಸ್ಟಿಕ್. 78 ಮಾಡಿರುವುದು ಕಲ್ಲುಪುಡಿ ಬೆರೆಸಿದ ಅರಗಿನಿಂದ. ಹೌದು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುತ್ತಾರಲ್ಲ, ಅದೇ ಅರಗು. ಮರಗೆಲಸದವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಷ್ ಮಾಡುವುದನ್ನು ನೀವು ನೋಡಿರುತ್ತೀರಿ. ಅಂದರೆ 78ಕ್ಕೆ ಸ್ಪಿರಿಟ್ ತಾಗಿದರೆ ಪ್ಲೇಟೇ ಕರಗುತ್ತದೆ. ನನ್ನ ಪರಿಚಯದವರೊಬ್ಬರು ನಾಟಕದ ಹಾಡುಗಳ ಒಂದು 78 ಅನ್ನು ಒಂದು ಅಂಗಡಿಗೆ ಕ್ಲೀನ್ ಮಾಡಲು ಕೊಟ್ಟಿದ್ದರು. ಅಂಗಡಿಯವರು ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿದರು, ಬಟ್ಟೆ ಕಪ್ಪಾಯಿತು, ಎಷ್ಟು ಕೊಳೆ ಇತ್ತು ನೋಡಿ ಅಂದರು. ಅದು ಕೊಳೆಯಾಗಿರಲಿಲ್ಲ. ಮನೆಗೆ ತಂದು ಹಾಕಿದಾಗ ಹಾಡಿನ ಜಾಗದಲ್ಲಿ ಬರೀ ಪರಪರ ಸದ್ದು. ಆ ಪ್ಲೇಟಿನ ಇನ್ನೊಂದು ಪ್ರತಿ ಅವರಿಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಎರಡನೆಯ ಕಾರಣ ಮುಳ್ಳು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಸಣ್ಣ. ಎಲ್‌ಪಿ ಮುಳ್ಳಿನ ತುದಿಯ ದುಂಡು ಸುಮಾರು 18 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ಇದ್ದರೆ 78ರ ಮುಳ್ಳಿನದು 75ರ ಹತ್ತಿರ, ಹೆಚ್ಚುಕಡಿಮೆ ನಾಲ್ಕು ಪಟ್ಟು. ಎಲ್‌ಪಿ ಮುಳ್ಳನ್ನು 78ಕ್ಕೆ ಇಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ಕೊಳೆಯಲ್ಲಿ ಹೊರಳಾಡುತ್ತದೆ. ಹಾಡು ಇರುವುದು ಗೋಡೆಗಳಲ್ಲಿ. 78ರ ಮುಳ್ಳನ್ನು ಎಲ್‌ಪಿಗೆ ಇಟ್ಟರಂತೂ ಆ ಎಲ್‌ಪಿ ಮುಗಿಯಿತು. ಅಜ್ಜನ ಪ್ಲೇಯರ್‌ನ ತೋಳಿನ ತುದಿ ನೋಡಿ, ಪುಟ್ಟ ಕಡ್ಡಿಯಂಥದ್ದು ಇದ್ದರೂ ಇರಬಹುದು. ಆ ಕಾಲದ ಎಷ್ಟೋ ಪ್ಲೇಯರ್‌ಗಳಲ್ಲಿ ಅದನ್ನು ತಿರುಗಿಸಿದರೆ ಒಂದು ಮಗ್ಗುಲಿಗೆ 78ರ ಮುಳ್ಳು, ಇನ್ನೊಂದು ಮಗ್ಗುಲಿಗೆ ಎಲ್‌ಪಿ ಮುಳ್ಳು ಬರುತ್ತಿತ್ತು. ಪ್ರತಿ ಸಲ ಪ್ಲೇಟು ಬದಲಾಯಿಸುವಾಗ ಅಜ್ಜ ಅದನ್ನು ತಿರುಗಿಸಿಯೇ ಇರುತ್ತಾರೆ. ಅಮ್ಮನನ್ನು ಕೇಳಿ, ನೆನಪಿರುತ್ತದೆ.

ಇನ್ನು ಸೂಟ್‌ಕೇಸ್ ಪ್ಲೇಯರ್ ವಿಷಯ. ಮೂರೂ ಸ್ಪೀಡ್ ಇರುವುದು ನಿಜ. ಆದರೆ ಹೆಚ್ಚಿನವುಗಳಲ್ಲಿ ಮುಳ್ಳು ಒಂದೇ, ಅದೂ ಎಲ್‌ಪಿ ಅಳತೆಯದು. ಮುಳ್ಳಿನ ಭಾರ ಹೊಂದಿಸಲು ಏನೂ ಇರುವುದಿಲ್ಲ. ಮುಳ್ಳು ಸಿಕ್ಕಿಸುವ, ಅದರ ಅಲುಗಾಟವನ್ನು ಸಿಗ್ನಲ್ ಮಾಡುವ ಪುಟ್ಟ ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ. ಒಳಗಿನ ಅಗ್ಗದ ಸಿರಾಮಿಕ್ ಕಾರ್ಟ್ರಿಜ್‌ಗೆ 5 ಗ್ರಾಂ ಆಸುಪಾಸಿನ ಭಾರ ಬೇಕು, ಒಳ್ಳೆಯ ಕಾರ್ಟ್ರಿಜ್ 2 ಗ್ರಾಂನಲ್ಲಿ ಕೆಲಸ ಮಾಡುತ್ತದೆ. ಸ್ಪೀಕರ್‌ಗಳು ಅದೇ ಪೆಟ್ಟಿಗೆಯೊಳಗೆ ಕೂತಿರುವುದರಿಂದ ಅವುಗಳ ನಡುಕ ನೇರವಾಗಿ ಮುಳ್ಳಿಗೆ ಹೋಗುತ್ತದೆ. ಒಂದು ಸಲ ಹಾಕಿದರೆ ಪ್ಲೇಟು ಸತ್ತುಹೋಗುತ್ತದೆ ಅಂತ ಹೆದರಿಸುವುದಿಲ್ಲ, ಆದರೆ ಅಜ್ಜನ ಪ್ಲೇಟುಗಳಿಗೆ ನಾನು ಅದನ್ನು ಒಪ್ಪುವುದಿಲ್ಲ. ಕೊಳ್ಳಬೇಡಿ.

ಭಾವ ತರುವ ಟರ್ನ್‌ಟೇಬಲ್ ಬಗ್ಗೆ ಅವರನ್ನೇ ಒಂದು ಮಾತು ಕೇಳಿ: ಅದರ ಮೋಟಾರ್ ಯಾವ ಥರದ್ದು? ಅಲ್ಲಿನ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ. ವೋಲ್ಟ್ ಇಳಿಸಲು ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಅದು ಹರ್ಟ್ಸ್ ಬದಲಾಯಿಸುವುದಿಲ್ಲ. ಹಳೇ ಟರ್ನ್‌ಟೇಬಲ್‌ಗಳಲ್ಲಿ ಬಹಳಷ್ಟರ ಎಸಿ ಮೋಟಾರ್ ತಿರುಗುವ ವೇಗ ಈ ಹರ್ಟ್ಸ್ ಮೇಲೆಯೇ ನಿಂತಿದೆ. ಅಂಥದ್ದನ್ನು ಇಲ್ಲಿ ಹಾಕಿದರೆ 33⅓ರ ಬದಲು 28ಕ್ಕಿಂತ ಸ್ವಲ್ಪ ಕಡಿಮೆ ಸುತ್ತು ತಿರುಗುತ್ತದೆ. ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗೆ ಇಳಿಯುತ್ತದೆ, ಹೆಂಗಸರ ದನಿ ಗಂಡಸರ ದನಿಯಂತೆ ಕೇಳುತ್ತದೆ. ಕೆಲವು ಕಂಪನಿಗಳು 50 ಹರ್ಟ್ಸ್‌ಗೆ ಬೇರೆ ಪುಲ್ಲಿ (ಮೋಟಾರಿನ ತುದಿಯ ಪುಟ್ಟ ಗಾಲಿ) ಮಾಡುತ್ತಿದ್ದವು, ಅದು ಸಿಕ್ಕರೆ ಸರಿ. ಮೊಬೈಲ್ ಚಾರ್ಜರ್ ಥರ 100ರಿಂದ 240 ವೋಲ್ಟ್ ಅಂತ ಬರೆದ ಅಡಾಪ್ಟರ್‌ನಿಂದ ಓಡುವ ಹೊಸ ಮಾದರಿಯಾದರೆ ಈ ತೊಂದರೆಯೇ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ತರುತ್ತಿದ್ದೆ ಅಂತ ಹೇಳುತ್ತೇನೆ. ಮೂರೂ ಸ್ಪೀಡ್ ಇರಬೇಕು, ತೋಳಿನ ಹಿಂದೆ ತಿರುಗಿಸುವ ಭಾರದ ಬಿಲ್ಲೆ ಇರಬೇಕು, ಮುಳ್ಳನ್ನು ನಾವೇ ಕಳಚಿ ಬದಲಾಯಿಸುವಂತಿರಬೇಕು. ಆಡಿಯೊ ಟೆಕ್ನಿಕಾದ ಎಲ್‌ಪಿ120ಎಕ್ಸ್ ಇವೆಲ್ಲಕ್ಕೂ ಹೊಂದುತ್ತದೆ. ಅದರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ 78ರ ಮುಳ್ಳು ಬೇರೆಯಾಗಿ ಸಿಗುತ್ತದೆ, ಎಲ್‌ಪಿ ಮುಳ್ಳನ್ನು ಎಳೆದು ತೆಗೆದು ಅದನ್ನು ಸಿಕ್ಕಿಸಿದರೆ ಆಯಿತು. 78 ಬೇಡವೇ ಬೇಡ ಅನ್ನುವವರಿಗೆ ಆಯ್ಕೆ ಜಾಸ್ತಿ ಇದೆ, ಆದರೆ ನಿಮ್ಮ ಹತ್ತಿರ ಆ ಗುಂಪು ಇದೆಯಲ್ಲ, ಅದನ್ನು ಬಿಟ್ಟುಬಿಡಬೇಡಿ.

ತಂದ ಮೇಲೆ ಎಲ್ಲಿ ಇಡುತ್ತೀರಿ ಅನ್ನುವುದು ಎಷ್ಟಕ್ಕೆ ತಂದಿರಿ ಅನ್ನುವುದಕ್ಕಿಂತ ಮುಖ್ಯ. ಮುಳ್ಳು ಕೂದಲಿಗಿಂತ ಸಣ್ಣ ಅಲುಗಾಟವನ್ನೂ ಓದುತ್ತದೆ. ನೀವು ನಡೆದಾಡುವುದು, ಬಾಗಿಲು ಬಡಿಯುವುದು, ಸ್ಪೀಕರ್‌ನ ನಡುಕ ಎಲ್ಲವೂ ಅದಕ್ಕೆ ಹಾಡೇ. ಹಾಗಾಗಿ ಸ್ಪೀಕರ್ ಒಂದು ಟೇಬಲ್ ಮೇಲೆ, ಟರ್ನ್‌ಟೇಬಲ್ ಇನ್ನೊಂದರ ಮೇಲೆ. ಇದರಲ್ಲಿ ರಾಜಿ ಬೇಡ. ಬೆಂಗಳೂರಿನ ಮನೆಯ ಸಿಮೆಂಟ್ ನೆಲ ನಿಮ್ಮ ಅದೃಷ್ಟ, ಊರಿನ ಮರದ ಮಹಡಿಯಾಗಿದ್ದರೆ ಹೆಜ್ಜೆ ಹೆಜ್ಜೆಗೂ ಮುಳ್ಳು ಹಾರುತ್ತಿತ್ತು. ಗಟ್ಟಿ ಟೇಬಲ್ ಸಿಗದಿದ್ದರೆ ಗ್ರಾನೈಟ್ ಅಂಗಡಿಗೆ ಹೋಗಿ ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ತುಂಡು ಕೇಳಿ. ನಾನು ಬಳಸುತ್ತಿರುವುದು ಅಂಥದ್ದೇ ಒಂದು ಕಡಪ ಕಲ್ಲು, ಅಡಿಗೆ ನಾಲ್ಕು ಮೂಲೆಯಲ್ಲಿ ದಪ್ಪ ರಬ್ಬರ್ ತುಂಡು. ಆಮೇಲೆ ಗಾರೆಯವರ ರಸಮಟ್ಟ ತಂದು ಪ್ಲೇಟು ಕೂರುವ ತಟ್ಟೆಯ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಕಾಲುಗಳನ್ನು ತಿರುಗಿಸಿ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಮಾತ್ರ ಬೇಡ.

ಈಗ ಮುಳ್ಳಿನ ಭಾರ. ಇಲ್ಲಿ ಅವಸರ ಮಾಡಬೇಡಿ. ನನ್ನ ತಂದೆಯ ಕಾಲದಲ್ಲಿ ಪ್ಲೇಟು ಹಾರಿದರೆ ತೋಳಿನ ತಲೆಯ ಮೇಲೆ ನಾಲ್ಕಾಣೆ ಇಡುವುದು ಎಲ್ಲರ ಮನೆಯ ರೂಢಿ. ಆ 25 ಪೈಸೆ ನಾಣ್ಯದ ತೂಕ ಎರಡೂವರೆ ಗ್ರಾಂ. ಹೊಸ ಕಾರ್ಟ್ರಿಜ್‌ಗೆ ಬೇಕಾದ ಒಟ್ಟು ಭಾರಕ್ಕಿಂತ ಆ ನಾಣ್ಯವೊಂದೇ ಜಾಸ್ತಿ! ಮೇಲೆ ಹೇಳಿದ ವಿಎಂ95ಇಗೆ 1.8ರಿಂದ 2.2 ಗ್ರಾಂ, ಸರಿಯಾಗಿ ಹೇಳಬೇಕೆಂದರೆ 2 ಗ್ರಾಂ.

ಪವರ್ ಆಫ್ ಇರಲಿ. ಮುಳ್ಳಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಆಂಟಿಸ್ಕೇಟ್ ಗುಂಡಿ ಸೊನ್ನೆಗೆ ತನ್ನಿ. ತೋಳನ್ನು ಕೊಕ್ಕೆಯಿಂದ ಬಿಡಿಸಿ, ಎತ್ತುವ ಕಡ್ಡಿಯನ್ನು ಕೆಳಗಿಳಿಸಿ, ತಲೆಯ ಭಾಗವನ್ನು ಬೆರಳಿನಲ್ಲಿ ಹಿಡಿದೇ ತಟ್ಟೆಗೂ ಕೊಕ್ಕೆಗೂ ನಡುವಿನ ಜಾಗಕ್ಕೆ ತನ್ನಿ. ಈಗ ಹಿಂದಿನ ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬೆರಳು ಸಡಿಲಿಸಿ ನೋಡಿ. ತಲೆ ಕೆಳಗೆ ಬಿದ್ದರೆ ಬಿಲ್ಲೆ ಇನ್ನೂ ಹಿಂದಕ್ಕೆ ಹೋಗಬೇಕು, ತಲೆ ಮೇಲೆದ್ದರೆ ಮುಂದಕ್ಕೆ ಬರಬೇಕು. ಒಂದು ಗಳಿಗೆಯಲ್ಲಿ ತೋಳು ತಕ್ಕಡಿಯ ಹಾಗೆ ಮಟ್ಟಸವಾಗಿ ಗಾಳಿಯಲ್ಲಿ ನಿಂತುಬಿಡುತ್ತದೆ, ಉಸಿರು ಬಿಟ್ಟರೂ ಅಲ್ಲಾಡುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ತೋಳನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಬಿಲ್ಲೆ ಅಲುಗದಂತೆ ಹಿಡಿದುಕೊಂಡು ಅದರ ಮುಂದಿನ ಅಂಕಿಗಳ ಬಳೆಯನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಕೊನೆಗೆ ಬಿಲ್ಲೆ, ಬಳೆ ಎರಡೂ ಒಟ್ಟಿಗೆ ತಿರುಗುವಂತೆ 2ರವರೆಗೆ ತನ್ನಿ. ಆಂಟಿಸ್ಕೇಟನ್ನೂ 2ಕ್ಕೆ ಇಡಿ. ಪ್ಲೇಟು ತಿರುಗುವಾಗ ತೋಳನ್ನು ಒಳಗಡೆ ಎಳೆಯುತ್ತಾ ಇರುತ್ತದೆ, ಅದನ್ನು ಹೊರಗಡೆ ಹಿಡಿದು ಸಮ ಮಾಡುವುದೇ ಆಂಟಿಸ್ಕೇಟ್‌ನ ಕೆಲಸ. 78ರ ಮುಳ್ಳು ಹಾಕಿದಾಗ ಇದನ್ನೆಲ್ಲ ಇನ್ನೊಮ್ಮೆ ಮಾಡಬೇಕು, ಅದಕ್ಕೆ ಭಾರ ಜಾಸ್ತಿ ಬೇಕು, ಎಷ್ಟು ಅಂತ ಮುಳ್ಳಿನ ಡಬ್ಬದ ಮೇಲೆಯೇ ಬರೆದಿರುತ್ತದೆ. ಪುಟ್ಟ ಡಿಜಿಟಲ್ ತಕ್ಕಡಿ ಒಂದು ಸಿಗುತ್ತದೆ, ಮುಳ್ಳನ್ನು ಅದರ ಮೇಲೆ ಇಟ್ಟರೆ ಭಾರ ತೋರಿಸುತ್ತದೆ. ತಗೊಳ್ಳಿ, ದುಡ್ಡು ದಂಡವಲ್ಲ.

ಭಾರ ಕಡಿಮೆ ಇದ್ದಷ್ಟೂ ಪ್ಲೇಟಿಗೆ ಒಳ್ಳೆಯದು ಅಂತ ತುಂಬ ಜನ 1 ಗ್ರಾಂಗೆ ಇಡುತ್ತಾರೆ. ಅದು ತಪ್ಪು. ಭಾರ ಸಾಲದಿದ್ದರೆ ಮುಳ್ಳು ಗೆರೆಯಲ್ಲಿ ಕೂರದೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ, ಆ ಏಟುಗಳಿಂದಲೇ ಪ್ಲೇಟು ಹಾಳಾಗುವುದು.

ಜೋಡಣೆಯಲ್ಲಿ ಜನ ಎಡವುವುದು ಒಂದೇ ಜಾಗದಲ್ಲಿ. ಮುಳ್ಳಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, 4 ಮಿಲಿವೋಲ್ಟ್‌ನಷ್ಟು. ಸಿಡಿ ಪ್ಲೇಯರ್‌ನಿಂದ ಬರುವುದು 2 ವೋಲ್ಟ್. ಜೊತೆಗೆ ಪ್ಲೇಟು ಮಾಡುವಾಗ ತಗ್ಗಿನ ನಾದವನ್ನು ಬೇಕೆಂದೇ ಇಳಿಸಿ, ಮೇಲಿನದನ್ನು ಏರಿಸಿ ಕೊರೆದಿರುತ್ತಾರೆ. ಇಲ್ಲದಿದ್ದರೆ ಮೃದಂಗದ ಒಂದೊಂದು ಗುಂಕಿಗೂ ಗೆರೆ ಅಷ್ಟಗಲ ಆಗಿ, ಒಂದು ಮಗ್ಗುಲಲ್ಲಿ 20 ನಿಮಿಷ ಹಿಡಿಸುತ್ತಲೇ ಇರಲಿಲ್ಲ. ಇದನ್ನು ಮತ್ತೆ ನೇರ ಮಾಡಿ, ಸಿಗ್ನಲ್ ದೊಡ್ಡದು ಮಾಡುವುದು ಫೋನೊ ಪ್ರೀಆಂಪ್. ಎಲ್‌ಪಿ120ಎಕ್ಸ್‌ನಲ್ಲಿ ಅದು ಒಳಗೇ ಇದೆ, ಹಿಂದೆ ಫೋನೊ, ಲೈನ್ ಅನ್ನುವ ಸ್ವಿಚ್ ಇರುತ್ತದೆ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಫೋನೊ ಅಂತ ಬರೆದ ತೂತು ಇದ್ದರೆ ಸ್ವಿಚ್ಚೂ ಫೋನೊ. ಇಲ್ಲದಿದ್ದರೆ ಸ್ವಿಚ್ ಲೈನ್, ತಂತಿ ಆಕ್ಸ್‌ಗೆ. ಎರಡೂ ಕಡೆ ಪ್ರೀಆಂಪ್ ಸೇರಿಕೊಂಡರೆ ಕಿವಿ ಹರಿಯುವ ಸದ್ದು, ಎರಡೂ ಕಡೆ ಇಲ್ಲದಿದ್ದರೆ ಸೊಳ್ಳೆಯ ದನಿ.

ಗುಂಯ್ ಅನ್ನುವ ಸದ್ದು ಬಂದರೆ ಟರ್ನ್‌ಟೇಬಲ್‌ನ ಸಣ್ಣ ಗ್ರೌಂಡ್ ತಂತಿಯನ್ನು ಆಂಪ್ಲಿಫೈಯರ್‌ನ ಹಿಂದಿನ ತಿರುಪಿಗೆ ಕಟ್ಟಿದ್ದೀರಾ ನೋಡಿ. ಕಟ್ಟಿದರೂ ಬಂದರೆ ಪ್ಲಗ್ ಪಾಯಿಂಟ್‌ನಲ್ಲಿ ಅರ್ತ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಚೆಕ್ ಮಾಡಿಸಿ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದಾಗ ಮಾತ್ರ ಗುಂಯ್ ಅಂದರೆ ಅದು ಇನ್ವರ್ಟರ್ ಸೈನ್ ವೇವ್ (ಮೇನ್ಸ್‌ನಂಥ ನಯವಾದ ಕರೆಂಟ್ ಕೊಡುವಂಥದ್ದು) ಅಲ್ಲದ್ದರಿಂದ, ಆಗ ಕೇಳುವುದನ್ನು ನಿಲ್ಲಿಸಿ ಕರೆಂಟ್ ಬರುವವರೆಗೆ ಕಾಯಿರಿ.

ತೊಳೆಯುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ನಲ್ಲಿ ನೀರು, ಅದರಲ್ಲೂ ಬೆಂಗಳೂರಿನ ಬೋರ್ ನೀರು ಬೇಡ, ಒಣಗಿದ ಮೇಲೆ ಗೆರೆಯಲ್ಲಿ ಬಿಳಿ ಸುಣ್ಣ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಲೀಟರ್‌ಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಬೂಷ್ಟಿರುವ ಪ್ಲೇಟನ್ನು ಮೊದಲು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಆಮೇಲೆ ಮೈಕ್ರೊಫೈಬರ್ ಬಟ್ಟೆ ಒದ್ದೆ ಮಾಡಿ, ನಡುವಿನ ಕಾಗದಕ್ಕೆ ನೀರು ತಾಗದಂತೆ, ಗೆರೆ ಹೋದ ದಿಕ್ಕಿನಲ್ಲೇ ಸುತ್ತ ಒರೆಸಿ. ಅಡ್ಡಕ್ಕೆ ತಿಕ್ಕಬೇಡಿ. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ಪಾತ್ರೆ ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. 78ಕ್ಕೂ ಇದೇ ಕ್ರಮ, ಆದರೆ ನೀರಲ್ಲಿ ನೆನೆಸಿಡದೆ ಬೇಗ ಒರೆಸಿ ಒಣಗಿಸಬೇಕು. ಸ್ಪಿರಿಟ್ ವಿಷಯ ಆಗಲೇ ಹೇಳಿದ್ದೇನೆ. ಬೂಷ್ಟು ಹಿಡಿದ ಒಳಗಿನ ಕಾಗದದ ಚೀಲಗಳನ್ನು ಎಸೆದು ಹೊಸದು ಹಾಕಿ, ಹೊರಗಿನ ಚಿತ್ರದ ಜಾಕೆಟ್‌ಗಳನ್ನು ಮಾತ್ರ ಗಾಳಿಗೆ ಆರಿಸಿ ಉಳಿಸಿಕೊಳ್ಳಿ. ಪ್ಲೇಟುಗಳನ್ನು ಯಾವಾಗಲೂ ಪುಸ್ತಕದ ಹಾಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಎಲ್‌ಪಿ ಸೊಟ್ಟಗಾಗುತ್ತದೆ, 78 ಬಿರುಕು ಬಿಡುತ್ತದೆ.

ಎಲ್ಲ ಆದ ಮೇಲೆ ಮೊದಲು ಹಾಕುವುದು ಅಜ್ಜನ ಇಷ್ಟದ ಪ್ಲೇಟು ಆಗದಿರಲಿ. ಹೋದರೆ ಹೋಗಲಿ ಅನ್ನುವಂಥ ಒಂದು ಎಲ್‌ಪಿ ಹಾಕಿ, ಒಳಗಿನ ಕೊನೆಯ ಹಾಡು ಕೇಳಿ. ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ, ಕೊನೆಯ ಹಾಡಿನಲ್ಲಿ ಸುಮಾರು 20 ಸೆಂಟಿಮೀಟರ್ ಅಷ್ಟೇ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಹಾಡು ತುಂಬಿರುವುದರಿಂದ ಹೊಂದಾಣಿಕೆಯ ತಪ್ಪು ಮೊದಲು ಅಲ್ಲೇ ಕಾಣುವುದು. ಸ, ಶ ಅಕ್ಷರಗಳು ಸರ್ರನೆ ಹರಿದಂತೆ ಕೇಳಿದರೆ ಭಾರ, ಆಂಟಿಸ್ಕೇಟ್, ಕಾರ್ಟ್ರಿಜ್ ನೇರ ಕೂತಿದೆಯಾ ಅನ್ನುವುದನ್ನು ಇನ್ನೊಮ್ಮೆ ನೋಡಿ. ಹಳೇ ಮೊನೊ ಪ್ಲೇಟುಗಳಿಗೆ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು ಬರುವಂಥವಕ್ಕೆ, ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ, ಪರಪರ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಎಚ್‌ಎಂವಿ ಕಂಪನಿಯ ಶಾಸ್ತ್ರೀಯ ಎಲ್‌ಪಿಗಳ ನಂಬರ್ ಇಎಎಲ್‌ಪಿ ಅಂತ ಶುರುವಾದರೆ ಮೊನೊ, ಇಎಎಸ್‌ಡಿ ಅಂತ ಇದ್ದರೆ ಸ್ಟೀರಿಯೊ.

78ಗಳನ್ನು ಒಂದು ಸಂಜೆ ಬಿಡುವು ಮಾಡಿಕೊಂಡು ಕೇಳಿ. 10 ಇಂಚಿನದಾದರೆ ಒಂದು ಮಗ್ಗುಲು ಮೂರು ನಿಮಿಷದಷ್ಟೇ, ಆಮೇಲೆ ಏಳಬೇಕು, ತಿರುವಿ ಹಾಕಬೇಕು. ದೊಡ್ಡ ರಾಗವನ್ನು ಆ ಮೂರು ನಿಮಿಷದಲ್ಲಿ ಹಿಡಿದಿಟ್ಟವರು ಆ ಕಾಲದ ಗಾಯಕರು, ಹಾಗಾಗಿ ಒಂದು ಕ್ಷಣವೂ ವ್ಯರ್ಥವಿಲ್ಲ. ತೀರಾ ಹಳೆಯ ಪ್ಲೇಟುಗಳು ಸರಿಯಾಗಿ 78ರಲ್ಲೇ ಮುದ್ರಣ ಆಗಿರುವುದಿಲ್ಲ. ದನಿ ಅಗತ್ಯಕ್ಕಿಂತ ತೆಳ್ಳಗೆ, ಅವಸರವಾಗಿ ಕೇಳಿದರೆ ವೇಗ ಹೆಚ್ಚುಕಡಿಮೆ ಮಾಡುವ ಪಿಚ್ ಗುಂಡಿಯನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ಒಂದು ಜಾಗದಲ್ಲಿ ದನಿ ಮನುಷ್ಯರ ದನಿಯಾಗಿ ಎದುರಿಗೆ ಬಂದು ಕೂರುತ್ತದೆ. 1902ರಲ್ಲಿ ಕಲ್ಕತ್ತಾದಲ್ಲಿ ಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅವರು ಕೊನೆಯ ದಿನಗಳಲ್ಲಿ ನಾನಿರುವ ಮೈಸೂರಿನಲ್ಲೇ ಅರಮನೆಯ ಗಾಯಕಿಯಾಗಿದ್ದರು, 1930ರಲ್ಲಿ ಇಲ್ಲೇ ತೀರಿಕೊಂಡರು. ಅವರ ಪ್ಲೇಟು ಹಾಕಿದಾಗಲೆಲ್ಲ ಆ ಹೆಸರು ಕೇಳುವವರೆಗೆ ನಾನು ಮುಳ್ಳು ಎತ್ತುವುದಿಲ್ಲ.

ವಿಎಂ95ಇ ಮುಳ್ಳಿನ ಆಯುಸ್ಸು ಸುಮಾರು 300 ಗಂಟೆ ಅಂತ ಇಟ್ಟುಕೊಳ್ಳಿ. ದಿನಕ್ಕೊಂದು ಎಲ್‌ಪಿಯ ಎರಡೂ ಮಗ್ಗುಲು ಕೇಳಿದರೆ ಒಂದು ವರ್ಷ ಚಿಲ್ಲರೆ ಬರುತ್ತದೆ. ಹಾಕಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಟರ್ನ್‌ಟೇಬಲ್ ಅಡಿಗೆ ಅಂಟಿಸಿ.

ಅಜ್ಜನ ಕೆಟ್ಟ ಪ್ಲೇಯರ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗುಜರಿಗೆ ಹಾಕಬೇಡಿ, ನೋಡೋಣ ಅಂತ ಪ್ಲಗ್ ಕೂಡ ಹಾಕಬೇಡಿ. ಅದು ವಾಲ್ವ್ ರೇಡಿಯೊ ಇರುವ ಪೆಟ್ಟಿಗೆಯಾದರೆ ಒಳಗಿನ ಹಳೇ ಕೆಪಾಸಿಟರ್‌ಗಳು ಒಣಗಿರುತ್ತವೆ, ಕರೆಂಟ್ ಕೊಟ್ಟ ಕೂಡಲೇ ಸುಟ್ಟುಹೋಗಬಹುದು, ಒಳಗೆ ನೂರಾರು ವೋಲ್ಟ್ ಇರುತ್ತದೆ. ವಾಲ್ವ್ ಸೆಟ್ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ಶಿವಮೊಗ್ಗದ ಕಡೆ ಸಿಗುತ್ತಾರಾ ವಿಚಾರಿಸಿ. ಪ್ಲೇಟುಗಳನ್ನು ಬೆಂಗಳೂರಿಗೆ ತರುವಾಗ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, 78ಗಳ ನಡುವೆ ಒಂದೊಂದು ರಟ್ಟು ಕೊಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ತನ್ನಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ನೆರಳಲ್ಲೇ ನಿಲ್ಲಿಸಿ. ಬಿಸಿಲಿಗೆ ನಿಂತ ಕಾರಿನಲ್ಲಿ ಎಲ್‌ಪಿ ಹಪ್ಪಳದ ಹಾಗೆ ಸುರುಳಲು ಅರ್ಧ ಗಂಟೆ ಸಾಕು.